ನಿಂತ ಲಾರಿಯ ತಂಪು

"ಮ್ಯಾಲಿನ ಬರ್ತ್ ತಗೀಬೇಕಾಗ್ತದ್ರಿ ಕಾಕಾ," ಎಂದಳು ಪ್ರಣಿತಾ, ಲಾರಿಯ ಕ್ಯಾಬಿನ್ನಿನ ಒಳಗಿನಿಂದ.

ಕೆಳಗೆ ನೆರಳಿನಲ್ಲಿ ನಿಂತಿದ್ದ ಗೋರಖನಾಥ ಕೇಳಿಸಿಯೂ ಕೇಳಿಸದವನಂತೆ ಬಗ್ಗಿ ಟೈರಿನ ಸಂದಿಯ ಕಲ್ಲು ಕೀಳತೊಡಗಿದ. ಅವಳು ಬಾಗಿಲಿನಿಂದ ಇಣುಕಿದಳು. ಕೈಯಲ್ಲಿ ಅಳತೆಯ ಟೇಪು, ಕಿವಿಯ ಹಿಂದೆ ಪೆನ್ಸಿಲ್ಲು. ಭಾಲ್ಕಿಯ ಹುಡುಗಿ, ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಬೀದರಿನ ಈ ಬ್ಯಾಟರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಲಾರಿಗೆ ಸೋಲಾರ್ ಎಸಿ ಕೂರಿಸುವುದನ್ನು ಪುಣೆಗೆ ಹೋಗಿ ಕಲಿತು ಬಂದಿದ್ದಳು.

"ಎಸಿ ಡಬ್ಬಿ ಹಿಂದಿನ ಗ್ವಾಡಿಗೇ ಕೂಡಬೇಕ್ರಿ. ಬರ್ತ್ ಅಡ್ಡ ಬರ್ಲತ್ತದ. ಬ್ಯಾರೆ ಜಾಗಾ ಇಲ್ಲ. ನೀವು ಒಬ್ರೇ ಇರ್ತೀರಿ ಅಂತ ಸೇಠ್ ಹೇಳ್ಯಾರ. ಕೆಳಗಿನದು ಸಾಕಲ್ರಿ ನಿಮಗ?"

"ಸಾಕವ್ವ," ಎಂದ ಗೋರಖನಾಥ. "ತಗೀ."

ನಾಲ್ಕು ಬೋಲ್ಟುಗಳಲ್ಲಿ ಒಂದು ತುಕ್ಕು ಹಿಡಿದಿತ್ತು. ಅವಳು ಎಣ್ಣೆ ಬಿಟ್ಟು ಕಾಯುತ್ತ ಕುಳಿತಾಗ ಅವನು ಮೇಲೆ ಹತ್ತಿ ಆ ಬರ್ತಿನ ಸಾಮಾನು ಇಳಿಸಿದ. ಒಂದು ಕೌದಿ, ಬಿಳಿ ನೂಲಿನ ಟೋಪಿ, ಮುಚ್ಚಳದಲ್ಲಿ ಕನ್ನಡಿಯಿರುವ ಸ್ಟೀಲ್ ಡಬ್ಬಿ, ಅರ್ಧ ಮುಗಿದ ತಲೆನೋವಿನ ಮುಲಾಮು. ಹತ್ತು ತಿಂಗಳಿಂದ ಅವನ್ನು ಯಾರೂ ಮುಟ್ಟಿರಲಿಲ್ಲ.

ಅವು ಅಜರನವು. ಹದಿನೆಂಟು ವರ್ಷ ಅವರಿಬ್ಬರೂ ಜೋಡಿ ಡ್ರೈವರುಗಳಾಗಿ ದುಡಿದಿದ್ದರು. ಮಾಲೀಕರು ಭಾಲ್ಕಿಯವರು, ಮೊದಲು ತಂದೆ, ಈಗ ಮಗ ಕೈಲಾಶ. ಮೂರು ಲಾರಿ ಬದಲಾದರೂ ಜೋಡಿ ಬದಲಾಗಲಿಲ್ಲ. ಗೋರಖನಾಥ ಔರಾದ ತಾಲ್ಲೂಕಿನ ಎಕಂಬಾದವನು, ಭಾರಿ ಮೈಯವನು, ಕೆಳಗಿನ ಬರ್ತು ಅವನದು. ಅಜರ ಬೀದರಿನ ಚಿದ್ರಿಯವನು, ಸಣಕಲ, ಐವತ್ತು ದಾಟಿದ ಮೇಲೂ ಒಂದೇ ನೆಗೆತಕ್ಕೆ ಮೇಲಿನ ಬರ್ತು ಹತ್ತುತ್ತಿದ್ದ. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗುತ್ತಿದ್ದ. ಹೀಗಾಗಿ ಇಬ್ಬರೂ ಎಚ್ಚರವಿದ್ದು ಮಾತಾಡುವುದು ಊಟದ ಹೊತ್ತಿನಲ್ಲಿ ಮತ್ತು ಎಲ್ಲಾದರೂ ಲಾರಿ ನಿಂತಾಗ ಮಾತ್ರ. ಆದರೂ ಗೋರಖನಾಥನ ಹೆಂಡತಿ ತೀರಿಕೊಂಡ ವರ್ಷ ಅವನಿಗೆ ನಿದ್ದೆ ಬರುತ್ತಿಲ್ಲವೆಂದು ಅಜರನಿಗೆ ಕೇಳದೆಯೇ ಗೊತ್ತಾಗಿತ್ತು. ಸ್ಟೇರಿಂಗ್ ಹಿಡಿದುಕೊಂಡೇ ಏನಾದರೂ ಹೇಳುತ್ತ ಹೋಗುತ್ತಿದ್ದ. ಹಿಂದಿನಿಂದ ಹೂಂಗುಟ್ಟುವುದು ನಿಂತ ಮೇಲೆ ತಾನೂ ಬಾಯಿ ಮುಚ್ಚುತ್ತಿದ್ದ.

ಪ್ರಣಿತಾ ಬರ್ತಿನ ಹಲಗೆ ಇಳಿಸಿದಳು. ಆಮೇಲೆ ಕ್ಯಾಬಿನ್ನಿನ ಮೇಲಿನ ಕ್ಯಾರಿಯರಿಗೆ ಎರಡು ಸೋಲಾರ್ ಹಾಳೆ ಬಿಗಿದಳು, ಕೆಳಗಿನ ಬರ್ತಿನ ಹೊಟ್ಟೆಯಲ್ಲಿ ಬ್ಯಾಟರಿಯ ಪೆಟ್ಟಿಗೆ ಕೂರಿಸಿದಳು. ಸಂಜೆಯ ಹೊತ್ತಿಗೆ ಗುಂಡಿ ಒತ್ತಿ ತೋರಿಸಿದಳು. ಬಿಳಿ ಡಬ್ಬಿಯಿಂದ ತಣ್ಣನೆಯ ಗಾಳಿ ಬಂತು.

"ಗಾಡಿ ಓಡುವಾಗ ಎಂಜಿನ್ನಿನಿಂದ ಚಾರ್ಜ್ ಆಗ್ತದ್ರಿ. ನಿಂತಾಗ ಬಿಸಲಿನಿಂದ ಆಗ್ತದ. ಎಂಜಿನ್ ಬಂದ್ ಇದ್ರೂ ಎಂಟ್ ತಾಸು ಆರಾಮ ನಡೀತದ. ಹೊಸ ಗಾಡಿಗೆ ಬರೋ ಎಸಿ ಎಂಜಿನ್ ಚಾಲೂ ಇದ್ರಷ್ಟೇ ನಡೀತದ್ರಿ. ಇದು ಹಂಗಲ್ಲ."

"ಕಾರ್ಖಾನಿ ಗೇಟ್ ಮುಂದ ಎಂಜಿನ್ ಬಂದ್ ಮಾಡಸ್ತಾರಲ್ಲವ್ವ. ಅಲ್ಲಿನೂ ನಡೀತದ?"

"ಅದಕ್ಕೇ ಮಾಡಿದ್ದ್ರಿ ಇದು," ಎಂದು ಅವಳು ನಕ್ಕಳು.

ಅವನಿಗೆ ನಗಲಾಗಲಿಲ್ಲ.

ಹಿಂದಿನ ವರ್ಷದ ಮೇ ತಿಂಗಳಲ್ಲಿ ಅವರು ತೊಗರಿಬೇಳೆ ಇಳಿಸಿ, ವಾಪಸು ಬರುವಾಗ ಸಿಮೆಂಟು ತುಂಬಿಕೊಳ್ಳಲು ಚಂದ್ರಪುರದ ಕಡೆಯ ಒಂದು ಕಾರ್ಖಾನೆಗೆ ಹೋಗಿದ್ದರು. ಗೇಟಿನ ಮುಂದೆ ಎಂಬತ್ತು ಲಾರಿಗಳ ಸಾಲು. ನಲವತ್ತಾರು ಡಿಗ್ರಿ ಬಿಸಿಲು. ಸಾಲಿನಲ್ಲಿ ಎಂಜಿನ್ ಚಾಲೂ ಇಡುವಂತಿಲ್ಲ. ಕಾವಲುಗಾರ ಬಂದು ಬಾನೆಟ್ಟಿನ ಮೇಲೆ ಲಾಠಿ ಕುಟ್ಟುತ್ತಿದ್ದ. ಲಾರಿ ಬಿಟ್ಟು ಹೋಗುವಂತೆಯೂ ಇಲ್ಲ, ಸಾಲು ಯಾವಾಗ ಸರಿಯುತ್ತದೋ ಹೇಳಲಾಗದು. ಇಬ್ಬರೂ ಎರಡೆರಡು ತಾಸು ಪಾಳಿ ಹಾಕಿಕೊಂಡರು. ಹನ್ನೆರಡರಿಂದ ಎರಡರ ತನಕ ಅಜರ ಒಳಗೆ, ಎರಡರಿಂದ ನಾಲ್ಕರ ತನಕ ಗೋರಖನಾಥ.

ಗೋರಖನಾಥ ದೂರದ ಬೇವಿನ ಮರದ ಕೆಳಗೆ ಹೋದ. ಅಲ್ಲಿ ಡ್ರೈವರುಗಳು ಗುಂಪು ಕೂಡಿ ಮೊಬೈಲಿನಲ್ಲಿ ಕುಸ್ತಿ ನೋಡುತ್ತಿದ್ದರು. ಅವನೂ ನೋಡಿದ, ನಕ್ಕ, ಚಹಾ ಕುಡಿದ. ಟವೆಲ್ ಹಾಸಿ ಹತ್ತು ನಿಮಿಷವೆಂದು ಅಡ್ಡಾದ. ಎರಡಕ್ಕೆ ಹೋಗಬೇಕಾದವನು ಎದ್ದಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಅಂದು ಸಾಲು ಒಂದಿಂಚೂ ಸರಿದಿರಲಿಲ್ಲ; ಹಾಗಾಗಿ ಯಾರೂ ಹಾರ್ನ್ ಹೊಡೆದಿರಲಿಲ್ಲ, ಯಾರೂ ಆ ಲಾರಿಯ ಕಡೆಗೆ ನೋಡಿರಲಿಲ್ಲ.

ಅಜರ ಮೇಲಿನ ಬರ್ತಿನಲ್ಲಿ ಮಲಗಿದ್ದ. ಅವನ ಮುಖದಿಂದ ಒಂದು ಗೇಣಿನ ಮೇಲೆ ತಗಡಿನ ಮಾಡು ತವೆಯಂತೆ ಕಾದಿತ್ತು. ಮೈ ಮುಟ್ಟಿದರೆ ಕೈ ಸುಡುತ್ತಿತ್ತು, ಬೆವರಿನ ಹನಿಯೂ ಇರಲಿಲ್ಲ. ಡ್ರೈವರುಗಳೆಲ್ಲ ಸೇರಿ ಇಳಿಸಿದರು, ಜೀಪಿನಲ್ಲಿ ಹಾಕಿಕೊಂಡು ಹೋದರು. ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ತರುವುದಕ್ಕೆ ಮೊದಲೇ ಹೋಗಿದ್ದಾನೆ ಎಂದರು.

ಮರುದಿನ ಬೆಳಿಗ್ಗೆ ಚಿದ್ರಿಯ ಮನೆಯ ಮುಂದೆ ದೇಹ ತಂದ ಗಾಡಿ ನಿಂತಾಗ ಅಜರನ ಹೆಂಡತಿ ಖುರ್ಷಿದ ಬೇಗಂ ಹೊಸ್ತಿಲಲ್ಲಿ ನಿಂತು ಗೋರಖನಾಥನನ್ನೇ ಕೇಳಿದಳು.

"ಹತ್ತರ ಇದ್ರೇನ್ರಿ ನೀವು?"

"ಇದ್ದೆ ಭಾಬಿ."

"ಬಾಯಾಗ ನೀರ್ ಹಾಕಿದ್ರೇನ್ರಿ?"

"ಹಾಕಿದೆ."

"ಅವ್ರ ಬಾಯಾಗ ಕಡೀಕ ಕಲ್ಮಾ ಬಂತೇನ್ರಿ?"

"ಅಂದ ಭಾಬಿ. ಎರಡ್ ಸಲ."

ಮೂರೂ ಉತ್ತರ ಒಂದರ ಹಿಂದೆ ಒಂದು ಬಾಯಿಂದ ಬಂದುಬಿಟ್ಟವು. ಅವಳ ಮುಖ ಸ್ವಲ್ಪ ಸಡಿಲವಾಯಿತು. ಆ ದಿನ ಬಂದು ಹೋದವರೆಲ್ಲರಿಗೂ ಅವಳು ಅದನ್ನೇ ಹೇಳಿದಳು. ಆಮೇಲೂ ಹೇಳುತ್ತಲೇ ಇದ್ದಳು.

ಎಸಿ ಕೂರಿಸಿದ ಮರುದಿನ ಗೋರಖನಾಥ ಕೌದಿ, ಟೋಪಿ, ಡಬ್ಬಿಗಳನ್ನು ಗಂಟು ಕಟ್ಟಿಕೊಂಡು ಚಿದ್ರಿಗೆ ಹೋದ. ಖುರ್ಷಿದ ಬೇಗಂ ಹೊಲಿಗೆ ಮಷಿನ್ನಿನ ಮುಂದಿದ್ದಳು. ಪಕ್ಕದ ಮನೆಯ ಮುದುಕಿ ವಜೀರಬೀ ಗುಂಡಿ ಹಚ್ಚಿಸಿಕೊಳ್ಳಲು ಬಂದು ಕುಳಿತಿದ್ದಳು. ಗಂಟು ಬಿಚ್ಚಿದ ಕೂಡಲೇ ಖುರ್ಷಿದ ಬೇಗಂ ಟೋಪಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಎದ್ದು ಒಲೆಯ ಕಡೆ ಹೋದಳು. ಲಾರಿ ಬೀದರಿಗೆ ಬಂದರೆ ಗೋರಖನಾಥನ ಒಂದು ಊಟ ಆ ಮನೆಯಲ್ಲಿ. ಅದು ಹದಿನೆಂಟು ವರ್ಷದ ರೂಢಿ.

"ಇವ್ರೇನ ಅವ್ರು?" ಎಂದು ಕೇಳಿದಳು ವಜೀರಬೀ.

"ಹಾಂವ್ ಖಾಲಾ, ಇವ್ರೇ. ಇವ್ರ ಕೈಲಿಂದನೇ ನೀರ್ ಕುಡ್ದು ಹೋದ್ರು," ಎಂದಳು ಖುರ್ಷಿದ ಬೇಗಂ ಒಳಗಿನಿಂದ.

ಮುದುಕಿ ಎದ್ದು ಬಂದು ಗೋರಖನಾಥನ ಬಲಗೈ ಹಿಡಿದು ಕಣ್ಣಿಗೊತ್ತಿಕೊಂಡಳು. "ಹೆತ್ತ ಮಗನಿಗೂ ಇಂಥ ಪುಣ್ಯ ಸಿಗಂಗಿಲ್ಲಪ್ಪ," ಎಂದಳು.

ಅಂದು ಅವನು ರೊಟ್ಟಿಯನ್ನು ಎಡಗೈಯಲ್ಲೂ ಮುರಿಯಲಾಗದೆ ಬಲಗೈಯಲ್ಲೂ ಮುರಿಯಲಾಗದೆ ಬಹಳ ಹೊತ್ತು ತಟ್ಟೆಯ ಮುಂದೆ ಕುಳಿತಿದ್ದ.

ಏಪ್ರಿಲ್ ಬಂತು. ಒಬ್ಬನೇ ಓಡಿಸುವುದಾದ್ದರಿಂದ ಈಗ ಅವನು ರಾತ್ರಿ ಓಡಿಸಿ ಹಗಲು ಮಲಗುತ್ತಿದ್ದ. ಲಾರಿಯನ್ನು ಧಾಬಾದ ಪಕ್ಕದ ಬಯಲಿನಲ್ಲಿ ನಿಲ್ಲಿಸಿ, ಎಸಿಯ ಗುಂಡಿಗೆ ಕೈ ಹಾಕದೆ, ಚಾಪೆ ತೆಗೆದುಕೊಂಡು ಲಾರಿಯ ಕೆಳಗೆ ನುಸುಳುತ್ತಿದ್ದ. ಅಲ್ಲಿ ನೆರಳಿತ್ತು, ಗ್ರೀಸಿನ ವಾಸನೆಯಿತ್ತು, ಬಿಸಿಗಾಳಿಯೊಡನೆ ದೂಳು ಬರುತ್ತಿತ್ತು. ಅವನ ಪ್ರಾಯದವರೆಲ್ಲ ಒಂದು ಕಾಲಕ್ಕೆ ಹಾಗೇ ಮಲಗಿದವರು. ಈಗ ಅಕ್ಕಪಕ್ಕದ ಲಾರಿಗಳ ಕೆಳಗೆ ಯಾರೂ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೈಲಾಶನ ಫೋನು ಬಂತು.

"ಕಾಕಾ, ಎಸಿ ಕೆಟ್ಟದೇನು?"

"ಇಲ್ರಿ ಸೇಠ್. ಯಾಕ?"

"ಹನ್ನೆರಡ್ ದಿನ ಆಯ್ತು, ಒಂದ್ ತಾಸೂ ಚಾಲೂ ಆಗಿಲ್ಲ ಅಂತ ನನ್ನ ಮೊಬೈಲ್‌ನಾಗ ತೋರಸ್ಲತ್ತದ."

ಅದು ಮಾಲೀಕನ ಮೊಬೈಲಿನಲ್ಲಿ ಕಾಣುತ್ತದೆಂದು ಗೋರಖನಾಥನಿಗೆ ಗೊತ್ತಿರಲಿಲ್ಲ. "ನನಗ ತಂಪ್ ಆಗಿ ಬರಲ್ರಿ," ಎಂದ. "ಕೀಲು ಹಿಡೀತಾವ."

ಕೈಲಾಶ ಬೇರೆ ದನಿಯಲ್ಲಿ ಹೇಳಿದ: "ಅಜರ್ ಚಾಚಾ ಮೂರ್ ವರ್ಷ ಕೇಳ್ಯಾನ ಕಾಕಾ ನನಗ. ಒಂದ್ ಎಸಿ ಹಾಕಸು, ಒಂದ್ ಎಸಿ ಹಾಕಸು ಅಂತ. ಮುಂದಿನ ವರ್ಷ ನೋಡೂಣು ಅಂದೆ ನಾನು. ನೀವರೆ ಹಚ್ಚಿ ಮಲಗ್ರಿ. ನನ್ನ ಸಲುವಾಗಿ."

"ಆಯ್ತ್ರಿ," ಎಂದ ಗೋರಖನಾಥ.

ಮರುದಿನದಿಂದ ಅವನು ಎಸಿ ಹಚ್ಚತೊಡಗಿದ. ಕಿಟಕಿ ಏರಿಸಿ, ಗುಂಡಿ ಒತ್ತಿ, ಬಾಗಿಲು ಹಾಕಿಕೊಂಡು, ಕೆಳಗಿಳಿದು ಲಾರಿಯ ಕೆಳಗೆ ಮಲಗುತ್ತಿದ್ದ. ಮೇಲೆ ಖಾಲಿ ಕ್ಯಾಬಿನ್ನು ಆರು ತಾಸು ತಣ್ಣಗಾಗುತ್ತಿತ್ತು. ಭಾಲ್ಕಿಯಲ್ಲಿ ಕೈಲಾಶ ಮೊಬೈಲು ನೋಡಿ ಸಮಾಧಾನ ಪಡುತ್ತಿದ್ದ.

ಮೇ ಎರಡನೆಯ ವಾರ ಅದೇ ಕಾರ್ಖಾನೆಗೆ ಮತ್ತೆ ಹೋಗಬೇಕಾಯಿತು. ಒಲ್ಲೆನೆನ್ನಬಹುದಿತ್ತು, ಕೈಲಾಶ ಬೇರೆಯವರನ್ನು ಕಳಿಸುತ್ತಿದ್ದ. ಯಾಕೋ ಅವನು ಒಲ್ಲೆನೆನ್ನಲಿಲ್ಲ. ಗೇಟಿನ ಮುಂದೆ ಹಾಗೇ ಸಾಲು, ಹಾಗೇ ಬಿಸಿಲು. ಬೇವಿನ ಮರವೂ ಅಲ್ಲೇ ಇತ್ತು. ಅವನು ಅದರ ಕಡೆ ಹೋಗಲಿಲ್ಲ. ಎಸಿ ಹಚ್ಚಿ ಎಂದಿನಂತೆ ಲಾರಿಯ ಕೆಳಗೆ ಸೇರಿದ.

ಕಾವಲುಗಾರ ಬಂದು ಲಾಠಿ ಕುಟ್ಟಿ, "ಇಂಜನ್ ಬಂದ್ ಕರೋ" ಎಂದ. ಗೋರಖನಾಥ ಕೆಳಗಿನಿಂದಲೇ, ಬಂದ್ ಇದೆ ಎಂದ. ಕಾವಲುಗಾರ ಎಂಜಿನ್ನಿಗೆ ಕಿವಿಗೊಟ್ಟು ಕೇಳಿದ, ಮೇಲಿನ ಬಿಳಿ ಡಬ್ಬಿಯ ಸಣ್ಣ ಗುಂಯ್‌ಗುಡುವಿಕೆ ಕೇಳಿದ, ತಲೆ ಕೆರೆದುಕೊಂಡು ಮುಂದೆ ಹೋದ.

ಮಲಗಿದಲ್ಲಿಂದ ಗೋರಖನಾಥನಿಗೆ ಮುಂದಿನ ಲಾರಿಯ ಚಕ್ರಗಳು ಕಾಣುತ್ತಿದ್ದವು. ತೆಲಂಗಾಣದ ಗಾಡಿ. ಒಂದೂವರೆಯ ಸುಮಾರಿಗೆ ಆ ಕ್ಯಾಬಿನ್ನಿನ ಬಾಗಿಲು ತೆರೆಯಿತು, ಒಂದು ಕಾಲು ಮೆಟ್ಟಿಲ ಮೇಲೆ ಬಂತು, ಚಪ್ಪಲಿಯೊಂದು ಕೆಳಗೆ ಬಿತ್ತು. ಕಾಲು ಅಲ್ಲೇ ಜೋತಾಡುತ್ತ ಉಳಿಯಿತು. ಯಾರೂ ಇಳಿಯಲಿಲ್ಲ, ಚಪ್ಪಲಿಯನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಗೋರಖನಾಥ ಆ ಕಾಲನ್ನೇ ನೋಡಿದ. ಮರುಗಳಿಗೆ ಲಾರಿಯ ಕೆಳಗಿನಿಂದ ಹೊರಬಿದ್ದು ಓಡಿದ.

ಅರವತ್ತರ ಆಸುಪಾಸಿನ ಮನುಷ್ಯ, ಸೀಟಿನ ಮೇಲೆ ಒರಗಿ ಬಿದ್ದಿದ್ದ. ಕಣ್ಣು ಅರೆತೆರೆದಿದ್ದವು. ಏನೋ ಹೇಳುತ್ತಿದ್ದ, ಆದರೆ ಅದು ಯಾವ ಭಾಷೆಯೂ ಆಗಿರಲಿಲ್ಲ. ಮೈ ಕೆಂಡ. ಗೋರಖನಾಥ ಅವನನ್ನು ಹೆಗಲ ಮೇಲೆ ಹಾಕಿಕೊಂಡು ತನ್ನ ಲಾರಿಯ ತನಕ ತಂದ. ಮೆಟ್ಟಿಲು ಹತ್ತಿಸಲು ಆಗಲಿಲ್ಲ, ಕೂಗಿದ. ಕಾವಲುಗಾರ ಓಡಿ ಬಂದು ಕಾಲು ಹಿಡಿದ. ಇಬ್ಬರೂ ಎತ್ತಿ ಕೆಳಗಿನ ಬರ್ತಿನ ಮೇಲೆ ಮಲಗಿಸಿದರು. ಒಳಗೆ ಚಳಿ ಎನಿಸುವಷ್ಟು ತಂಪಿತ್ತು.

ಕಾವಲುಗಾರ ಆಂಬುಲೆನ್ಸಿಗೆ ಫೋನು ಹಚ್ಚಿದ. ಗೋರಖನಾಥ ಲಾತೂರಿನ ಆಸ್ಪತ್ರೆಯಲ್ಲಿ ನರ್ಸಾಗಿರುವ ತನ್ನ ಮಗಳು ಮಹಾಮಾಯಾಳಿಗೆ ಹಚ್ಚಿದ.

"ಅಪ್ಪಾ, ಅಂಗಿ ತಗದ್ ಹಾಕು ಮೊದ್ಲು. ನೀರಾಗ ಅರಿವಿ ಅದ್ದಿ ಕುತಗಿಗೆ, ಬಗಲಾಗ, ತೊಡಿ ಸಂದಿಗೆ ಇಡು. ಎಸಿ ಪೂರಾ ಜೋರ್ ಮಾಡು."

"ನೀರ್ ಕುಡಸಲೇನವ್ವ?"

"ಬ್ಯಾಡ! ಎಚ್ಚರ ಇಲ್ಲದವ್ರ ಬಾಯಾಗ ನೀರ್ ಹಾಕಬಾರ್ದು ಅಪ್ಪಾ, ಶ್ವಾಸಕೋಶಕ್ಕ ಹೋಗ್ತದ. ಅವ್ರೇ ಕಣ್ ತಗದ್ ಕೇಳಿದ್ರ ಕೊಡು. ಅಲ್ಲಿ ತನಕ ಹನಿನೂ ಹಾಕಬ್ಯಾಡ."

ಅವಳು ಹೇಳಿದಂತೆ ಮಾಡಿದ. ಅಜರ ತನಗೆ ಕೊಡಿಸಿದ್ದ ಲುಂಗಿ, ಟವೆಲ್, ಬನಿಯನ್ನು, ಸಿಕ್ಕಿದ್ದೆಲ್ಲ ಅದ್ದಿ ಅದ್ದಿ ಇಟ್ಟ. ಬಟ್ಟೆ ಬೆಚ್ಚಗಾದ ಕೂಡಲೇ ತೆಗೆದು ಮತ್ತೆ ಅದ್ದುತ್ತಿದ್ದ. ಅಪರಿಚಿತನ ತುಟಿ ಅಲುಗುತ್ತಲೇ ಇತ್ತು. ಗೋರಖನಾಥ ಬಗ್ಗಿ ಕಿವಿಗೊಟ್ಟ. ಹೆಂಡತಿಯ ಹೆಸರೋ, ದೇವರ ಹೆಸರೋ, ಯಾವುದಾದರೂ ಒಂದು ಶಬ್ದ ಹಿಡಿಯಲು ನೋಡಿದ. ಒಂದಕ್ಷರವೂ ಕೂಡಿ ಬರಲಿಲ್ಲ. ಬರೀ ಉಸಿರು, ಗೊರಗೊರ, ನಾಲಗೆಯ ತೊದಲು.

ಆಗ ಅವನಿಗೆ ತಿಳಿಯಿತು. ಆ ಸ್ಥಿತಿಯಲ್ಲಿ ಮನುಷ್ಯ ನೀರು ಕುಡಿಯಲಾರ. ಕಲ್ಮಾದಂಥ ಪ್ರಾರ್ಥನೆಯ ಒಂದು ಸಾಲನ್ನೂ ಹೇಳಲಾರ. ತಾನು ಖುರ್ಷಿದ ಬೇಗಂಗೆ ಹೇಳಿದ್ದು ಆಗದೆ ಹೋದ ಸಂಗತಿ ಮಾತ್ರವಲ್ಲ, ಆಗಲು ಸಾಧ್ಯವೇ ಇಲ್ಲದ ಸಂಗತಿ. ಆ ಎರಡು ತಾಸು ಅಜರ ಹೀಗೇ ಇದ್ದಿರಬೇಕು, ಮೇಲೆ, ಒಬ್ಬನೇ.

ಇಪ್ಪತ್ತೈದು ನಿಮಿಷದ ಮೇಲೆ ಆ ಮನುಷ್ಯ ಕಣ್ಣು ತೆರೆದ. ಬಿಳಿಯ ಡಬ್ಬಿಯನ್ನು ನೋಡಿದ, ಗೋರಖನಾಥನನ್ನು ನೋಡಿದ.

"ನೀಳ್ಳು," ಎಂದ ತೆಲುಗಿನಲ್ಲಿ, ಸ್ಪಷ್ಟವಾಗಿ.

ಗೋರಖನಾಥ ಅವನ ತಲೆ ಎತ್ತಿ ಹಿಡಿದು ಬಾಟಲಿ ಬಾಯಿಗಿಟ್ಟ. ಒಂದು ಗುಟುಕು, ಎರಡು ಗುಟುಕು. ಗಂಟಲು ಏರಿಳಿಯುವುದು ಕಾಣಿಸುತ್ತಿತ್ತು. ಅರ್ಧ ನೀರು ಅವನ ಎದೆಯ ಮೇಲೆ ಚೆಲ್ಲಿತು.

ಆಂಬುಲೆನ್ಸ್ ಬಂದು ಕರೆದುಕೊಂಡು ಹೋಯಿತು. ಮನುಷ್ಯ ಬದುಕಿದನೆಂದೂ, ಮಗ ಬಂದು ಊರಿಗೆ ಕರೆದೊಯ್ದನೆಂದೂ ಎರಡು ದಿನದ ಮೇಲೆ ಸಿಮೆಂಟು ತುಂಬಿಕೊಂಡು ಹೊರಡುವಾಗ ಕಾವಲುಗಾರ ಹೇಳಿದ. ಹೆಸರು ಅವನಿಗೂ ಗೊತ್ತಿರಲಿಲ್ಲ.

ಬೀದರಿಗೆ ಬಂದು ಸಿಮೆಂಟು ಇಳಿಸಿದ ದಿನವೇ ಗೋರಖನಾಥ ಚಿದ್ರಿಗೆ ಹೋದ. ಬೆಳಗಿನ ಹತ್ತು ಗಂಟೆ. ಅಜರನ ಮಗ ಏಜಾಜ ಕೆಲಸಕ್ಕೆ ಹೋಗಿದ್ದ. ಖುರ್ಷಿದ ಬೇಗಂ ಯಾರದೋ ಮದುವೆಯ ಕುಪ್ಪಸಕ್ಕೆ ಅಂಚು ಹೊಲಿಯುತ್ತಿದ್ದಳು. "ಬರ್ರಿ ಭಾಯಿ" ಎಂದು ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

"ಭಾಬಿ, ನಾ ನಿಮಗ ಖೋಟಾ ಹೇಳೀನಿ."

ಅವಳು ತಲೆಯೆತ್ತಿದಳು.

"ಆವತ್ತ ನಾ ಅಜರನ ಹತ್ತರ ಇರಲಿಲ್ಲ. ಗಿಡದ ಕೆಳಗ ನಿದ್ದಿ ಹೊಡೀಲತ್ತಿದ್ದೆ. ಎರಡಕ್ಕ ನನ್ನ ಪಾಳಿ ಇತ್ತು. ನಾ ಎದ್ದದ್ದು ನಾಲ್ಕಕ್ಕ. ನಾ ಹೋದಾಗ ಎಲ್ಲಾ ಮುಗದಿತ್ತು."

ಅವಳ ಕಾಲು ಮಷಿನ್ನಿನ ಮೇಲೇ ನಿಂತುಹೋಯಿತು.

"ನೀರು?"

"ಹಾಕಿಲ್ರಿ."

"ಕಲ್ಮಾ?"

"ನಾ ಇರಲೇ ಇಲ್ರಿ ಭಾಬಿ. ಅವ ಏನಂದ, ಅನಲಿಲ್ಲ, ನನಗ ಗೊತ್ತಿಲ್ಲ. ಅಲ್ಲಿ ಯಾರೂ ಇರಲಿಲ್ಲ."

ಹೊರಗೆ ತರಕಾರಿಯವನು ಕೂಗಿಕೊಂಡು ಹೋದ. ಅವನ ದನಿ ಓಣಿಯ ತಿರುವು ದಾಟುವ ತನಕ ಅವಳು ಕುಪ್ಪಸದ ಅಂಚನ್ನು ಉಗುರಿನಿಂದ ನೀವುತ್ತ ಇದ್ದಳು.

"ಇಡೀ ಮೊಹಲ್ಲಾಕ್ಕ ಹೇಳೀನಿ ನಾನು," ಎಂದಳು ಕೊನೆಗೆ. "ನನ್ನ ಸತ್ತ ಅತ್ತಿ ಗೋರಿಗೂ ಹೋಗಿ ಹೇಳಿ ಬಂದೀನಿ. ನಿಮ್ಮ ಮಗ ಒಬ್ನೇ ಹೋಗಿಲ್ಲ ಅಂತ."

ಅವನು ತಲೆ ತಗ್ಗಿಸಿ ನಿಂತಿದ್ದ.

"ವರ್ಷ ಆಯ್ತು. ಈಗ ಯಾಕ ಹೇಳಿದ್ರಿ?"

ಅವನು ಕಾರ್ಖಾನೆಯ ಗೇಟು, ತೆಲುಗಿನ ಮನುಷ್ಯ, ಒದ್ದೆಬಟ್ಟೆ ಎಲ್ಲವನ್ನೂ ಹೇಳತೊಡಗಿದ. ಅವಳು ಅರ್ಧಕ್ಕೇ ಕೈಯೆತ್ತಿ ತಡೆದಳು.

"ಅವ್ನ ಸುದ್ದಿ ನನಗ ಬ್ಯಾಡ್ರಿ. ಅವ್ನಿಗಿ ಎಸಿ ಸಿಕ್ತು, ಉಳದ." ಕುಪ್ಪಸವನ್ನು ಮಷಿನ್ನಿನಿಂದ ಬಿಡಿಸಿಕೊಂಡಳು. "ನೀವು ಸದ್ಯಕ್ಕ ಬರಬ್ಯಾಡ್ರಿ ಭಾಯಿ. ನಿಮ್ಮ ಮುಖ ನೋಡಿದ್ರ ನನಗ ಏನರೆ ಬಾಯಿಗೆ ಬರ್ತದ. ಅದು ಬರೋದ್ ಬ್ಯಾಡ."

ಒಳಗೆ ಒಲೆಯ ಮೇಲೆ ಸಾರು ಕುದಿಯುವ ವಾಸನೆ ಬರುತ್ತಿತ್ತು. ಉಂಡು ಹೋಗಿ ಎಂದು ಅವಳು ಹೇಳಲಿಲ್ಲ. ಅವನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ.

ಹೇಳಿದರೆ ಎದೆ ಹಗುರಾಗುತ್ತದೆಂದು ಅವನು ಎಣಿಸಿದ್ದ. ಹಾಗೇನೂ ಆಗಲಿಲ್ಲ. ಎರಡು ದಿನ ಎಕಂಬಾದಲ್ಲಿ ಅಕ್ಕ ಶೇವಂತಾಬಾಯಿಯ ಮನೆಯಲ್ಲಿದ್ದ. ಅಕ್ಕ ಕಟಕ ರೊಟ್ಟಿ, ಪುಂಡಿಪಲ್ಯ ಮಾಡಿ ಬಡಿಸಿದಳು. ಮೈಗೇನಾಗಿದೆ ಎಂದು ಕೇಳಿದಳು. ಏನೂ ಇಲ್ಲ ಎಂದ. ಮೂರನೆಯ ದಿನ ಕೈಲಾಶನಿಗೆ ತಾನೇ ಫೋನು ಮಾಡಿ ಲೋಡು ಕೇಳಿದ.

ಒಂದು ಮಾತ್ರ ಬದಲಾಯಿತು. ಈಗ ಅವನು ಕ್ಯಾಬಿನ್ನಿನೊಳಗೇ ಮಲಗುತ್ತಿದ್ದ. ಕಿಟಕಿಯ ಗಾಜು ಏರಿಸಿ ಪರದೆ ಎಳೆದರೆ ಹೊರಗಿನ ಸಪ್ಪಳವೆಲ್ಲ ನಿಲ್ಲುತ್ತಿತ್ತು. ಧಾಬಾದ ಹಾಡಿಲ್ಲ, ಡ್ರೈವರುಗಳ ಜಗಳವಿಲ್ಲ, ಚಹಾಕ್ಕೆ ಕರೆಯಲು ಬಾಗಿಲು ಬಡಿಯುವವರಿಲ್ಲ. ನಿದ್ದೆ ಬರುತ್ತಿತ್ತು, ಹದಿನೆಂಟು ವರ್ಷದಲ್ಲಿ ಬಾರದಂಥ ನಿದ್ದೆ. ಎಚ್ಚರವಾದಾಗ ಮಾತ್ರ ಒಂದು ಕ್ಷಣ ತಾನು ಯಾವ ಊರಿನಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ, ಕೇಳಲು ಯಾರೂ ಇರುತ್ತಿರಲಿಲ್ಲ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು: ಟೋಲಿನಲ್ಲಿ ಒಂದು, ಹೊಟೇಲಿನಲ್ಲಿ ಎರಡು, ಕೈಲಾಶನೊಡನೆ ನಾಲ್ಕು. ಬೀದರಿಗೆ ಬಂದರೆ ಗಾಂಧಿಗಂಜಿನಲ್ಲಿ ಲಾರಿ ನಿಲ್ಲಿಸಿ ಅಲ್ಲೇ ಒಂದು ಖಾನಾವಳಿಯಲ್ಲಿ ಉಣ್ಣುತ್ತಿದ್ದ. ಅಲ್ಲಿಂದ ಚಿದ್ರಿ ದೂರವಿರಲಿಲ್ಲ. ಒಮ್ಮೆ ಬಜಾರಿನಲ್ಲಿ ಏಜಾಜ ಎದುರಿಗೆ ಬಂದ. ಮುಖ ನೋಡಿದ, ನಿಲ್ಲದೆ ಹೋದ. ಅವನಿಗೆ ಗೊತ್ತಾಗಿದೆ ಎಂದು ಗೋರಖನಾಥನಿಗೆ ಅರ್ಥವಾಯಿತು.

ಜುಲೈನಲ್ಲಿ ಮಳೆ ಹಿಡಿಯಿತು. ಲಾರಿ ನಾಂದೇಡದ ಹತ್ತಿರ ನಿಂತಿತ್ತು. ಮಧ್ಯಾಹ್ನ ಮೂರಕ್ಕೆ ಫೋನು ಬಂತು. ಪರದೆಯ ಮೇಲೆ ಇನ್ನೂ 'ಅಜರ ಮನಿ' ಎಂದೇ ಬರುತ್ತಿತ್ತು.

"ಹೇಳ್ರಿ ಭಾಬಿ," ಎಂದು ಎದ್ದು ಕುಳಿತ.

"ಆ ಗಿಡ ಎಷ್ಟ್ ದೂರ ಇತ್ತು?"

"ಗಿಡ?"

"ನೀವು ಮಲಗಿದ್ದ ಗಿಡ. ಗಾಡಿಲಿಂದ ಎಷ್ಟ್ ದೂರ?"

"ಇನ್ನೂರ್ ಹೆಜ್ಜಿ ಇರಬೇಕ್ರಿ."

"ಅವ್ರು ಕೂಗಿದ್ರ ಕೇಳಸ್ತಿತ್ತು?"

ಸಮಾಧಾನದ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. "ನಾ ಎಚ್ಚರ ಇದ್ದಿದ್ರ ಕೇಳಸ್ತಿತ್ರಿ," ಎಂದ.

ಅವಳು ಫೋನು ಇಟ್ಟಳು.

ಎಂಟು ದಿನ ಬಿಟ್ಟು ಮತ್ತೆ ಬಂತು. ನೀವು ನೋಡಿದಾಗ ಮುಖ ಯಾವ ಕಡೆಗಿತ್ತು ಎಂದು ಕೇಳಿದಳು. ಕಿಟಕಿಯ ಕಡೆಗೆ ಎಂದ. ಕಣ್ಣು? ಮುಚ್ಚಿದ್ದವು. ಟೋಪಿ? ದಿಂಬಿನ ಪಕ್ಕದಲ್ಲಿ. ಅಷ್ಟು ಕೇಳಿ ಇಟ್ಟಳು. ಮತ್ತೊಂದು ಸಲ ಕಾವಲುಗಾರ ಎಂಥವನು, ಜೀಪು ಯಾರದು, ಆಸ್ಪತ್ರೆಗೆ ಎಷ್ಟು ಹೊತ್ತಾಯಿತು ಎಂದು ಕೇಳಿದಳು. ಗೋರಖನಾಥ ಪ್ರತಿಯೊಂದಕ್ಕೂ ತನಗೆ ಗೊತ್ತಿದ್ದಷ್ಟನ್ನೇ ಹೇಳಿದ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ. ಅವಳು ಹೆಚ್ಚಿಗೆ ಏನೂ ಮಾತಾಡುತ್ತಿರಲಿಲ್ಲ. ಹೇಗಿದ್ದೀರಿ ಎಂದೂ ಕೇಳುತ್ತಿರಲಿಲ್ಲ. ಆದರೂ ಮುಂದಿನ ಫೋನು ಎಂದು ಬರುವುದೋ ಎಂದು ಅವನು ಎದುರು ನೋಡತೊಡಗಿದ. ಹಗಲು ಮಲಗುವ ಮುಂಚೆ ಮೊಬೈಲಿಗೆ ಚಾರ್ಜ್ ಇದೆಯೇ ಎಂದು ನೋಡಿ ತಲೆಯ ಬಳಿ ಇಟ್ಟುಕೊಳ್ಳುತ್ತಿದ್ದ.

ಆಗಸ್ಟಿನ ಕೊನೆಯಲ್ಲಿ ಒಂದು ದಿನ, ಬಿಟ್ಟುಬಿಟ್ಟು ಜಿನುಗುವ ಮಳೆಯಲ್ಲಿ ಲಾರಿ ಉದಗೀರದ ದಾರಿಯಲ್ಲಿ ನಿಂತಿದ್ದಾಗ ಅವಳು ಫೋನು ಮಾಡಿದಳು.

"ಏಜಾಜಗ ಆವಾಗೇ ಹೇಳೀನಿ ನಾ," ಎಂದಳು. "ಎರಡ್ ದಿನ ಉಣಲಿಲ್ಲ. ನಿಮ್ಮ ಮ್ಯಾಲ ಇನ್ನೂ ಸಿಟ್ಟ್ ಅದ ಅವನಿಗಿ. ಇರ್ಲಿ. ವಜೀರಬೀ ಖಾಲಾಗ ಹೇಳಿಲ್ಲ. ಆ ಮುದುಕಿಗಿ ಹೇಳಲ್ಲ."

"ಹೂಂರಿ."

"ಒಂದ್ ಕೇಳಬೇಕಿತ್ತು. ಆವತ್ತ ಮುಂಜಾನಿ ಏನ್ ತಿಂದಿದ್ರು ಅವ್ರು?"

ಇದನ್ನು ಇದುವರೆಗೆ ಅವನನ್ನು ಯಾರೂ ಕೇಳಿರಲಿಲ್ಲ, ಪೊಲೀಸರೂ ಕೇಳಿರಲಿಲ್ಲ. ಗೋರಖನಾಥನಿಗೆ ಆ ಬೆಳಿಗ್ಗೆ ಇದ್ದಕ್ಕಿದ್ದಂತೆ ಪೂರ್ತಿ ನೆನಪಾಯಿತು: ಲಾರಿಯ ನೆರಳಿನಲ್ಲಿ ಉರಿಯುತ್ತಿದ್ದ ಸ್ಟೋವು, ಈರುಳ್ಳಿ ಹೆಚ್ಚುತ್ತ ಕುಕ್ಕರುಗಾಲಲ್ಲಿ ಕುಳಿತ ಅಜರ.

"ಖಿಚಡಿರಿ ಭಾಬಿ. ಅವನೇ ಮಾಡಿದ."

"ಉಪ್ಪ್ ಜಾಸ್ತಿ ಹಾಕಿರಬೇಕು."

"ಭಾಳ ಜಾಸ್ತಿ ಆಗಿತ್ರಿ ಭಾಬಿ. ಬಾಯಾಗ ಇಡ್ಲಿಕ್ಕ ಆಗಲಿಲ್ಲ. ನಾ ಬೈದೆ."

ಈ ಸಲ ಅವಳು ಫೋನು ಇಡಲಿಲ್ಲ. ಗಾಜಿನ ಮೇಲೆ ಹನಿಗಳು ಇಳಿಯುತ್ತಿದ್ದವು.

"ಏನಂತ ಬೈದ್ರಿ?" ಎಂದು ಕೇಳಿದಳು.

ಗೋರಖನಾಥ ದಿಂಬಿಗೆ ಒರಗಿ ಹೇಳತೊಡಗಿದ.